ಕೀಟನ್, ಲಾಯ್ಡ್ ನೋಡಲು ಒಂದು ರಾತ್ರಿಗೆ ಬಾಡಿಗೆ ಪ್ರೊಜೆಕ್ಟರ್

ಹಾಲಿವುಡ್‌ನ ಹಳೆಯ ಹಾಸ್ಯನಟರಾದ ಬಸ್ಟರ್ ಕೀಟನ್, ಹೆರಾಲ್ಡ್ ಲಾಯ್ಡ್ ಅವರ ಮೂಕಿಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ಅಲ್ಲಿಗೇ ಬಿಟ್ಟವರಿಗೆ ನನ್ನದೊಂದು ಒತ್ತಾಯ: ಪ್ರೊಜೆಕ್ಟರ್ ಬಾಡಿಗೆಗೆ ತನ್ನಿ, ನೆರೆಹೊರೆಯವರನ್ನು ಕೂಡಿಸಿಕೊಂಡು ನೋಡಿ. ಜಯನಗರದ ಅಂಗಡಿಯೊಂದರಿಂದ ಪ್ರೊಜೆಕ್ಟರ್, ಎಂಟು ಅಡಿಯ ಪರದೆ, ಸ್ಪೀಕರ್ ತರಿಸಿ ನಮ್ಮ ಕಟ್ಟಡದ ತಾರಸಿಯಲ್ಲಿ ಹಾಕಿಸಿದೆವು. ರಾತ್ರಿಗೆ 2,500 ರೂಪಾಯಿ, ಸಾಗಾಟ ಅದರಲ್ಲೇ ಸೇರಿತ್ತು.

ಅಂಗಡಿಯ ಹುಡುಗ ಹೇಳಿದ ಹೊತ್ತಿಗೆ ಬಂದ. ಗಾಳಿಗೆ ಪರದೆ ಹೊಯ್ದಾಡದಂತೆ ನೀರಿನ ಟ್ಯಾಂಕಿನ ಕಂಬಿಗೆ ಬಿಗಿದು ಕಟ್ಟಿದ. ಆದರೆ ಚಿತ್ರ ಶುರುವಾದಾಗ ತೆರೆಯ ಮೇಲಿದ್ದವರೆಲ್ಲ ಅಡ್ಡಡ್ಡ ಊದಿಕೊಂಡಿದ್ದರು. ಆ ಕಾಲದ ಚೌಕಟ್ಟಿನ ಅಗಲ-ಎತ್ತರದ ಅನುಪಾತ ಹೆಚ್ಚುಕಡಿಮೆ 4:3. ಯಂತ್ರ ಅದನ್ನು ಈಗಿನ ಅಗಲ ತೆರೆಯ 16:9ಕ್ಕೆ ಎಳೆದಿತ್ತು. "ಪರದೆ ತುಂಬಾ ಬರುತ್ತಿದೆಯಲ್ಲ ಸಾರ್" ಎಂದ ಹುಡುಗನಿಂದ ಹಟ ಹಿಡಿದು ಸರಿಮಾಡಿಸಿದೆ. ಈ ನಟರ ಹಾಸ್ಯವೆಲ್ಲ ಮೈಯಲ್ಲಿದೆ. ಮೈಯ ಅಳತೆ ಕೆಟ್ಟರೆ ಹಾಸ್ಯವೂ ಕೆಟ್ಟಿತು.

1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದಲ್ಲಿ ಬಿರುಗಾಳಿಗೆ ಮನೆಯೊಂದರ ಮುಂಗೋಡೆ ಇಡಿಯಾಗಿ ಕೀಟನ್ ಮೇಲೆ ಬೀಳುತ್ತದೆ. ಮಹಡಿಯ ಕಿಟಕಿಯ ತೆರವು ಸರಿಯಾಗಿ ಅವನಿದ್ದಲ್ಲಿಗೇ ಬಂದು, ನಿಂತವನು ನಿಂತೇ ಇರುತ್ತಾನೆ. ಬಿದ್ದದ್ದು ನಿಜವಾದ ಭಾರದ ಗೋಡೆ, ಆಚೀಚೆ ಉಳಿದದ್ದು ಕೆಲವೇ ಅಂಗುಲ. ತಾರಸಿಯಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ನಗೆ ಎಲ್ಲ ಕಡೆಯಿಂದ ಒಮ್ಮೆಲೇ ಹೊಮ್ಮಿತು. ಕೆಳಮನೆಯ ಅಜ್ಜಿ "ಅಯ್ಯೋ ಪುಣ್ಯಾತ್ಮ, ಏನೂ ಆಗಲಿಲ್ಲ ತಾನೇ?" ಎಂದು ಆ ದೃಶ್ಯವನ್ನು ಮತ್ತೆ ಹಾಕಿಸಿದರು. ಗ್ರಾಫಿಕ್ಸ್ ನೋಡಿ ನೋಡಿ ನಮ್ಮ ಕಣ್ಣು ಏನನ್ನೂ ನಂಬದಂತಾಗಿದೆ. ಇಲ್ಲಿ ನಂಬಲೇಬೇಕು, ಬಿದ್ದದ್ದು ನಿಜವಾಗಿಯೂ ಬಿದ್ದಿದೆ. ನೂರು ವರ್ಷವಾಗುತ್ತ ಬಂದರೂ ಈ ಚಿತ್ರ ಹಳತಾಗದಿರುವುದು ಇದರಿಂದಲೇ ಎಂಬುದು ನನ್ನ ನಂಬಿಕೆ.

1923ರ 'ಸೇಫ್ಟಿ ಲಾಸ್ಟ್' ಮುಗಿದ ಮೇಲೆ ಮಕ್ಕಳಿಗೊಂದು ವಿಷಯ ಹೇಳಿದೆ. ಆ ಚಿತ್ರದಲ್ಲಿ ಗಡಿಯಾರದ ಮುಳ್ಳಿಗೆ ಜೋತುಬಿದ್ದ ಲಾಯ್ಡ್, 1919ರ ಸ್ಫೋಟವೊಂದರಲ್ಲಿ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡನ್ನೂ ಕಳೆದುಕೊಂಡಿದ್ದರು. ಕೈಗವಸಿನಿಂದ ಅದನ್ನು ಮರೆಮಾಡುತ್ತಿದ್ದರು. ಮಕ್ಕಳು ತೆರೆಗೆ ಮೂಗು ತಾಗಿಸಿ ಆ ಕೈಯನ್ನೇ ಹುಡುಕಿದರು.

ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ದೊಡ್ಡ ಮಕ್ಕಳು ಓದಿ ಕನ್ನಡದಲ್ಲಿ ಹೇಳಿದರು, ತೊಂದರೆಯಾಗಲಿಲ್ಲ. ಪ್ರೊಜೆಕ್ಟರಿನ ಫ್ಯಾನ್ ಸದ್ದು ಮಾತ್ರ ಪಿಯಾನೋ ಸಂಗೀತವನ್ನು ನುಂಗುತ್ತಿತ್ತು; ಯಂತ್ರದ ಪಕ್ಕ ಯಾರನ್ನೂ ಕೂರಿಸಬೇಡಿ. ಮುಸ್ಸಂಜೆಯ ಬೆಳಕಿಗೆ ಚಿತ್ರ ತೆಳುವಾಗಿ ಕಾಣುತ್ತದೆ, ಪೂರ್ತಿ ಕತ್ತಲಾದ ಮೇಲೆಯೇ ಶುರುಮಾಡಿ. ಅಂಗಡಿಗೆ ಕೊಟ್ಟಿದ್ದ ಠೇವಣಿ ಹಣ ಮರುದಿನ ಬೆಳಿಗ್ಗೆಯೇ ಕೈಸೇರಿತು.