ವಿಜಯಪುರದ ಒಂದು ಆಪ್ತಸಮಾಲೋಚನಾ ಕೇಂದ್ರ: ಚಿಕಿತ್ಸೆ ಒಳ್ಳೆಯದು, ಮಾತಿನ ಮೇಲೆ ನಿಗಾ ಬೇಕು

ಯಜಮಾನರು ತೀರಿಕೊಂಡ ಮೇಲೆ ನನ್ನ ನಿದ್ರೆ ಪೂರ್ತಿ ಕೆಟ್ಟಿತು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವ ನಾನು ವಚನ ಹೇಳುತ್ತಲೇ ನಡುವೆ ಸಾಲು ಮರೆತು ನಿಂತುಬಿಡುವ ಸ್ಥಿತಿ ಬಂದಾಗ, ಸಹೋದ್ಯೋಗಿಯೊಬ್ಬರ ಸಲಹೆಯಂತೆ ಸೋಲಾಪುರ ರಸ್ತೆಯ ಕಡೆಗಿರುವ ಒಂದು ಖಾಸಗಿ ಆಪ್ತಸಮಾಲೋಚನಾ ಕೇಂದ್ರಕ್ಕೆ ಹೋಗತೊಡಗಿದೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಲಿರುವ ಕೊರತೆಗಳು ಅದೊಂದೇ ಜಾಗದವಲ್ಲ, ಮೇಲಾಗಿ ನಮ್ಮೂರಿನಲ್ಲಿ ಕೇಂದ್ರದ ಹೆಸರು ಹೇಳಿದರೆ ಅಲ್ಲಿ ಕೆಲಸ ಮಾಡುವವರ ಹೆಸರನ್ನೂ ಹೇಳಿದಂತೆಯೇ.

ಮೊದಲು ಸೇವೆಯ ವಿಷಯ. ಕೊಟ್ಟ ಸಮಯಕ್ಕೆ ಸರಿಯಾಗಿ ಒಳಗೆ ಕರೆಯುತ್ತಾರೆ. ಮೊದಲ ಭೇಟಿ ಸುಮಾರು ಒಂದು ಗಂಟೆ, ನಂತರದವು ಮುಕ್ಕಾಲು ಗಂಟೆ. ಶುಲ್ಕವನ್ನು ಗೋಡೆಯ ಮೇಲೆ ಬರೆದು ಹಾಕಿರುವುದರಿಂದ ಕೇಳಲು ಸಂಕೋಚಪಡಬೇಕಿಲ್ಲ. ಆಪ್ತಸಮಾಲೋಚಕರಿಗೆ ಔಷಧ ಬರೆದುಕೊಡುವ ಅಧಿಕಾರವಿಲ್ಲ ಎಂಬುದನ್ನು ಮೊದಲ ದಿನವೇ ತಿಳಿಸಿ, ನನ್ನ ನಿದ್ರೆಯ ಸ್ಥಿತಿ ನೋಡಿ ಮನೋವೈದ್ಯರಿಗೆ ಪತ್ರ ಬರೆದುಕೊಟ್ಟರು. ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಚಹಾ ಕುಡಿದ ಹೊತ್ತು ಎಲ್ಲವನ್ನೂ ದಿನಚರಿಯಲ್ಲಿ ಬರೆಸಿ, ಅದನ್ನು ಕೂಡಿ ಓದಿ, ಮಲಗುವ ಕ್ರಮವನ್ನು ನಿಧಾನವಾಗಿ ಸರಿಪಡಿಸಿದ ರೀತಿ ನಿಜಕ್ಕೂ ಫಲ ಕೊಟ್ಟಿತು. ಈಗ ರಾತ್ರಿ ನಿದ್ದೆ ಬರುತ್ತದೆ. ಈ ಕೃತಜ್ಞತೆಯನ್ನು ಇಟ್ಟುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಬೈಗುಳವೂ ಅಲ್ಲದ, ಬಹಿರಂಗ ಅವಮಾನವೂ ಅಲ್ಲದ, ಹೇಳಿದವರಿಗೆ ಹೇಳಿದ ನೆನಪೂ ಉಳಿಯದ, ಆದರೆ ಕೇಳಿದವರನ್ನು ಅವರ ಜಾತಿ, ಧರ್ಮ, ಲಿಂಗ ಅಥವಾ ಭಾಷೆಯ ಕಾರಣಕ್ಕೆ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವ ಮಾತು ಮತ್ತು ನಡವಳಿಕೆಗಳಿಗೆ ಮನೋವಿಜ್ಞಾನದಲ್ಲಿ ಮೈಕ್ರೋಅಗ್ರೆಶನ್ ಎನ್ನುತ್ತಾರೆ. ಅಮೆರಿಕದಲ್ಲಿ ಕಪ್ಪು ಜನರು ದಿನನಿತ್ಯ ಎದುರಿಸುವ ಸಣ್ಣ ಸಣ್ಣ ತಿರಸ್ಕಾರಗಳನ್ನು ಗುರುತಿಸಲು 1970ರ ಹೊತ್ತಿಗೆ ಈ ಹೆಸರನ್ನು ಕೊಟ್ಟವರು ಹಾರ್ವರ್ಡ್‌ನ ಮನೋವೈದ್ಯ ಚೆಸ್ಟರ್ ಪಿಯರ್ಸ್. 2007ರಲ್ಲಿ ಮನೋವಿಜ್ಞಾನಿ ಡೆರಾಲ್ಡ್ ವಿಂಗ್ ಸೂ ಮತ್ತು ಸಂಗಡಿಗರು ಇದನ್ನು ವಿಂಗಡಿಸಿ, ಚಿಕಿತ್ಸಾ ಕೊಠಡಿಯೊಳಗೂ ಇದು ನಡೆಯುತ್ತದೆ ಎಂದು ತೋರಿಸಿದರು. ಅಲ್ಲಿಯ ಸಮಾಜ ಬೇರೆ, ನಮ್ಮದು ಬೇರೆ. ಆದರೂ ನಮ್ಮ ಕಡೆ ಇದನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ, ಆ ಕೇಂದ್ರದ ಹೊರಕೋಣೆಯಲ್ಲಿ ಕುಳಿತರೆ ಸಾಕು.

ಚೀಟಿ ಬರೆಯುವ ಹುಡುಗ ಪ್ಯಾಂಟು ಹಾಕಿದವರಿಗೆ "ಬರ್ರಿ ಸರ್, ಕುಂದರ್ರಿ" ಎನ್ನುತ್ತಾನೆ. ಸಿಂದಗಿ ಕಡೆಯಿಂದ ಮಗನನ್ನು ಕರೆತಂದಿದ್ದ, ಧೋತರ ಉಟ್ಟ ಹಿರಿಯರೊಬ್ಬರಿಗೆ ಅದೇ ಹುಡುಗ ತಲೆ ಎತ್ತದೆ "ಏ, ಅಲ್ಲಿ ಕುಂದ್ರು" ಎಂದ. ನಮ್ಮ ಸೀಮೆಯಲ್ಲಿ ಏಕವಚನ ಪ್ರೀತಿಯಿಂದಲೂ ಬರುತ್ತದೆ ಎಂಬುದು ನನಗೆ ಗೊತ್ತು. ಆದರೆ ಆ ಪ್ರೀತಿ ಹುಟ್ಟಬೇಕಾದರೆ ಪರಿಚಯ ಬೇಕು, ಕಡೇಪಕ್ಷ "ಅಜ್ಜಾ" ಎಂಬ ಒಂದು ಮಾತಾದರೂ ಬೇಕು. ಅರ್ಜಿಯ ನಮೂನೆಯಲ್ಲಿ "ತಂದೆ ಅಥವಾ ಪತಿಯ ಹೆಸರು" ಎಂಬ ಅಂಕಣವನ್ನು ತುಂಬಲೇಬೇಕು. ನನ್ನ ಪಕ್ಕದಲ್ಲಿದ್ದ ತರುಣಿ ಅದನ್ನು ಖಾಲಿ ಬಿಟ್ಟು ಕೊಟ್ಟಾಗ, "ಅಪ್ಪನ ಹೆಸರು ಯಾಕ ಬರದಿಲ್ಲ?" ಎಂಬ ಪ್ರಶ್ನೆ ಇಡೀ ಕೋಣೆಗೆ ಕೇಳಿಸಿತು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದರೂ ಅದರ ನೋವು ಉಂಡ ಕುಟುಂಬಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಂದಿಗೂ ಇವೆ. ಆ ತಾಯಂದಿರ ಮಕ್ಕಳಿಗೆ ಶಾಲೆಯ ದಾಖಲಾತಿಯಿಂದ ಹಿಡಿದು ಈ ಅಂಕಣ ಬೆನ್ನು ಬಿಟ್ಟಿಲ್ಲ. ಆ ತರುಣಿಯ ಕಾರಣ ಏನಿತ್ತೋ ಕೇಳುವ ಹಕ್ಕು ನನಗಿಲ್ಲ. ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದರೆ ಚಿಕಿತ್ಸೆಗೆ ಬೇಕಾದದ್ದು ಸಿಕ್ಕಿಬಿಡುತ್ತದೆ, ಹೀಗಿರುವಾಗ ಆ ಅಂಕಣವನ್ನು ಇಟ್ಟುಕೊಂಡಿರುವುದಕ್ಕೆ ನನಗೆ ಸಮರ್ಥನೆ ಕಾಣುವುದಿಲ್ಲ.

ಒಳಗಿನ ಕೋಣೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಮುಸ್ಲಿಂ ಮಹಿಳೆ. ಹುಟ್ಟಿದ್ದು, ಓದಿದ್ದು, ನೌಕರಿ ಮಾಡುತ್ತಿರುವುದು ಎಲ್ಲವೂ ಇದೇ ಜಿಲ್ಲೆಯಲ್ಲಿ. ಆಪ್ತಸಮಾಲೋಚಕಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಓದಿಕೊಂಡವರು, ಮೃದು ಸ್ವಭಾವದವರು. ಎರಡನೆಯ ಭೇಟಿಯಲ್ಲಿ ಅವರು, "ಮೇಡಂ, ನಿಮ್ಮ ಕನ್ನಡ ಭಾಳ ಚಂದ ಐತ್ರಿ, ನಿಮ್ಮವರೊಳಗ ಇಷ್ಟು ಚಂದ ಮಾತಾಡೋರು ಕಡಿಮಿ" ಎಂದರು. ಹೊಗಳಿಕೆಯೆಂದೇ ಅವರು ಹೇಳಿದ್ದು. ಇಂಥ ಮಾತು ಬಸ್ಸಿನಲ್ಲೂ ಮದುವೆ ಮನೆಯಲ್ಲೂ ಕೇಳಿ ರೂಢಿಯಿರುವುದರಿಂದ ನಾನು ನಕ್ಕು ಸುಮ್ಮನಾದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮುಂದಿನ ಪ್ರಶ್ನೆ. ಪತಿ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿ, ಅಂದರೆ ಗಂಡ ತೀರಿಕೊಂಡ ಮುಸ್ಲಿಂ ಹೆಣ್ಣುಮಕ್ಕಳು ಮನೆಯಲ್ಲೇ ಉಳಿಯುವ ಶೋಕದ ಅವಧಿಯಲ್ಲಿ, ಕುಳಿತಿದ್ದೆ ಎಂದು ಹೇಳಿದ ಕೂಡಲೇ ಅವರು, "ಅಂದ್ರ ಅಷ್ಟು ದಿನ ನಿಮ್ಮನ್ನ ಮನಿಯಾಗ ಕೂಡ್ಸಿದ್ರು, ನಿದ್ದಿ ಕೆಟ್ಟದ್ದು ಅಲ್ಲಿಂದನ ಏನ್ರಿ?" ಎಂದು ಕೇಳಿ ಉತ್ತರಕ್ಕೂ ಕಾಯದೆ ಬರೆದುಕೊಂಡರು. ಎಲ್ಲ ಹೆಣ್ಣುಮಕ್ಕಳಿಗೂ ಆ ದಿನಗಳು ಒಂದೇ ರೀತಿ ಇರುತ್ತವೆ ಎಂದು ನಾನು ಹೇಳಲಾರೆ. ಕೆಲವರಿಗೆ ಅದು ಕಷ್ಟವಾಗಿದ್ದನ್ನೂ ಕಂಡಿದ್ದೇನೆ. ನನ್ನ ಪಾಲಿಗೆ ಮಾತ್ರ ಅವು ದುಃಖಪಡಲು ಸಿಕ್ಕ ಬಿಡುವಾಗಿದ್ದವು. ಯಾರಿಗೂ ಮುಖ ತೋರಿಸಬೇಕಾಗಿರಲಿಲ್ಲ, ಚೆನ್ನಾಗಿದ್ದೇನೆ ಎಂದು ಹೇಳಬೇಕಾಗಿರಲಿಲ್ಲ, ಅತ್ತೆಯವರು ರಾತ್ರಿ ನನ್ನ ಮಗ್ಗುಲಲ್ಲೇ ಮಲಗುತ್ತಿದ್ದರು. ನಿದ್ರೆ ಕೆಟ್ಟದ್ದು ಅದು ಮುಗಿದು ಶಾಲೆಗೆ ಮರಳಿದ ಮೇಲೆ. ಆಪ್ತಸಮಾಲೋಚಕಿಯವರು ನನಗೆ ಆಸರೆಯಾಗಿದ್ದುದನ್ನೇ ರೋಗದ ಮೂಲವೆಂದು ಬರೆದುಕೊಂಡಿದ್ದರು. ಆ ದಿನದಿಂದ ನಾನು ಅತ್ತೆಯ ವಿಷಯ ಎತ್ತಲಿಲ್ಲ, ದರ್ಗಾಕ್ಕೆ ಹೋಗಿ ಬಂದದ್ದನ್ನು ಹೇಳಲಿಲ್ಲ, ಏಕೆಂದರೆ ಏನು ಹೇಳಿದರೂ ಅದು ನನ್ನ ಧರ್ಮದ ವಿರುದ್ಧದ ಸಾಕ್ಷಿಯಾಗುತ್ತದೆ ಎಂಬ ಅಳುಕು ಹುಟ್ಟಿತ್ತು. ಇಂಥ ಮಾತುಗಳು ಚಿಕಿತ್ಸೆಗೆ ಮಾಡುವ ಹಾನಿ ಇದು: ರೋಗಿ ಬರುತ್ತಿರುತ್ತಾರೆ, ಶುಲ್ಕ ಕೊಡುತ್ತಿರುತ್ತಾರೆ, ಆದರೆ ಹೇಳಬೇಕಾದದ್ದನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ಎಷ್ಟೋ ಜನ ಬರುವುದನ್ನೇ ನಿಲ್ಲಿಸುತ್ತಾರೆ, ಕೇಂದ್ರದವರು ಅದನ್ನು ರೋಗಿಯ ಅಸಡ್ಡೆ ಎಂದುಕೊಳ್ಳುತ್ತಾರೆ.

ಮುಂದೊಂದು ಭೇಟಿಯಲ್ಲಿ ನಾನೇ ವಿಷಯ ತೆಗೆದೆ. ಅವರು ಹೇಳಿದ ಮಾತನ್ನು ಹೇಳಿದಂತೆಯೇ ನೆನಪಿಸಿ, ಅದರಿಂದ ನಾನು ಯಾವುದನ್ನು ಹೇಳದೆ ಉಳಿಸಿಕೊಂಡೆ ಎಂಬುದನ್ನು ತಿಳಿಸಿದೆ. ಅವರ ಮುಖ ಕೆಂಪಾಯಿತು. "ನನ್ನ ಉದ್ದೇಶ ಹಂಗಿರಲಿಲ್ರಿ" ಎಂದು ಶುರು ಮಾಡಿದವರು ಅಲ್ಲೇ ತಡೆದುಕೊಂಡು, ಪೆನ್ನು ಕೆಳಗಿಟ್ಟು, "ಅದು ತಪ್ಪಾತ್ರಿ. ನಾ ಕೇಳದನ ತೀರ್ಮಾನ ಮಾಡಿದೆ. ಆ ನಾಲ್ಕು ತಿಂಗಳು ನಿಮಗ ಹೆಂಗಿದ್ವು, ಈಗ ಹೇಳ್ತೀರಾ?" ಎಂದರು. ಸಮಜಾಯಿಷಿ ಕೊಡುತ್ತ ಕೂಡಲಿಲ್ಲ. ತಮ್ಮ ಸಂಕಟವನ್ನು ನಾನು ಸಮಾಧಾನ ಮಾಡಬೇಕಾದ ಪರಿಸ್ಥಿತಿಯನ್ನೂ ತರಲಿಲ್ಲ. ಮೊದಲು ಬರೆದದ್ದನ್ನು ಹೊಡೆದು ನನ್ನ ಮಾತನ್ನು ಬರೆದುಕೊಂಡರು, ಹೆಸರು ಹೇಳದೆ ಈ ಪ್ರಸಂಗವನ್ನು ತಮ್ಮ ಮೇಲ್ವಿಚಾರಕರೊಂದಿಗೆ ಚರ್ಚಿಸಬಹುದೇ ಎಂದು ನನ್ನ ಒಪ್ಪಿಗೆ ಕೇಳಿದರು. ಅಂದು ಅತ್ತೆಯ ಬಗ್ಗೆ ನಾನು ಮನಬಿಚ್ಚಿ ಮಾತಾಡಿದೆ. ನಿದ್ರೆಯ ಗಂಟು ಸಡಿಲವಾದದ್ದು ಅಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ. ತಪ್ಪು ಮಾತೇ ಆಡದ ಆಪ್ತಸಮಾಲೋಚಕರು ಎಲ್ಲಿಯೂ ಸಿಗಲಾರರು, ತೋರಿಸಿಕೊಟ್ಟಾಗ ಹೀಗೆ ನಡೆದುಕೊಳ್ಳುವವರು ಸಿಕ್ಕರೆ ಅವರನ್ನು ಬಿಡಬಾರದು.

ಹೊರಕೋಣೆಯ ವಿಷಯವನ್ನು ವ್ಯವಸ್ಥಾಪಕರಿಗೆ ಹೇಳಿದಾಗ ಸಿಕ್ಕ ಉತ್ತರ ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು. "ಅಂವ ಎಲ್ಲಾರಿಗೂ ಹಂಗ ಮಾತಾಡ್ತಾನ್ರಿ. ನಿಮಗೀಗ ಮನಸ್ಸು ನಾಜೂಕ ಆಗೇದ, ಅದಕ್ಕ ಹಂಗ ಅನಸ್ತದ" ಎಂದರು. ಬೇರೆ ಅಂಗಡಿಯಲ್ಲಿ ಈ ಉತ್ತರ ಬರೀ ಉದಾಸೀನ ಎನಿಸಿಕೊಳ್ಳುತ್ತಿತ್ತು. ಮಾನಸಿಕ ಆರೋಗ್ಯದ ಕೇಂದ್ರದಲ್ಲಿ ಇದು ಅಪಾಯಕಾರಿ, ಏಕೆಂದರೆ ಇಲ್ಲಿ ದೂರು ಹೇಳುವವರ ಹೆಸರಿನಲ್ಲಿ ರೋಗಿಯ ಕಡತ ಇರುತ್ತದೆ ಮತ್ತು ಅವರು ಕಂಡ ಅನ್ಯಾಯವನ್ನು ಅವರ ಕಾಯಿಲೆಯ ಲೆಕ್ಕಕ್ಕೆ ಬರೆದುಬಿಡುವುದು ಬಹಳ ಸುಲಭ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು, ಸರ್ಕಾರ ನಡೆಸುವ ಅಥವಾ ಹಣ ಕೊಡುವ ಸೇವೆಗಳಲ್ಲಿ ಲಿಂಗ, ಧರ್ಮ, ಸಂಸ್ಕೃತಿ, ಜಾತಿ, ವರ್ಗ, ಅಂಗವೈಕಲ್ಯ ಮುಂತಾದ ಯಾವ ಕಾರಣಕ್ಕೂ ಭೇದ ಮಾಡದೆ ಚಿಕಿತ್ಸೆ ಸಿಗಬೇಕೆಂದು ಹೇಳುತ್ತದೆ. ಶುಲ್ಕ ತೆಗೆದುಕೊಳ್ಳುವ ಖಾಸಗಿ ಕೇಂದ್ರವೂ ಅದಕ್ಕಿಂತ ಕಡಿಮೆ ಅಳತೆಯನ್ನು ಇಟ್ಟುಕೊಳ್ಳಬಾರದು.

ಒಟ್ಟಿನಲ್ಲಿ, ದುಃಖ, ಆತಂಕ, ನಿದ್ರಾಹೀನತೆಗೆ ಈ ಕೇಂದ್ರದ ಒಳಕೋಣೆಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಹೊರಕೋಣೆಗೆ ಆ ಮಾತು ಹೇಳಲಾರೆ. ಇಂಡಿ, ತಾಳಿಕೋಟೆಗಳಿಂದ ಬರುವವರು ಬಸ್ಸಿನ ಖರ್ಚು ಮಾಡುವ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ನೋಡಬಹುದು. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮೂನೆಯಿಂದ ತಂದೆ-ಪತಿಯ ಅಂಕಣವನ್ನು ತೆಗೆಯಬೇಕು ಮತ್ತು ಚೀಟಿ ಬರೆಯುವವರಿಗೂ ಆಪ್ತಸಮಾಲೋಚಕರಿಗೆ ಸಿಗುವಂಥ ತರಬೇತಿ ಕೊಡಬೇಕು ಎಂದು ಕೇಂದ್ರಕ್ಕೆ ಲಿಖಿತವಾಗಿ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.