24 ಗುಂಡಿಯ ಕ್ರಿಸ್ಟಲ್ ಪ್ಲೇಟ್ ಧಾರವಾಡದ ಹವೆಗೆ ಹೊಂದುತ್ತದೆಯೇ?

ಪ್ರೋಟೀನ್ ಹರಳು ಬೆಳೆಸಲು ಬಳಸುವ, ಗುಂಡಿಗಳ ಅಂಚಿಗೆ ಗ್ರೀಸ್ ಹಚ್ಚಿಯೇ ಬರುವ ಈ ಪ್ಲೇಟ್ ಕೊಳ್ಳಬಹುದು. ಜೊತೆಗೆ ಕೊಡುವ ಕವರ್‌ಸ್ಲಿಪ್ (ಗುಂಡಿ ಮುಚ್ಚುವ ತೆಳು ಗಾಜು) ಮಾತ್ರ ಬದಲಿಸಿಕೊಳ್ಳಿ.

ಪರೀಕ್ಷೆಗೆ ಆರಿಸಿದ್ದು ಕುದುರೆಯ ಹೃದಯದ ಮಯೋಗ್ಲೋಬಿನ್. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಕೆಂಪು ಪ್ರೋಟೀನ್ ಅದು. 1958ರಲ್ಲಿ ಎಕ್ಸ್-ರೇಯಿಂದ ಪ್ರೋಟೀನ್‌ಗಳಲ್ಲೇ ಮೊಟ್ಟಮೊದಲು ಆಕಾರ ತೋರಿದ್ದೂ ಮಯೋಗ್ಲೋಬಿನ್ನೇ, ತಿಮಿಂಗಿಲದ್ದು. ಅಡ್ಡ ಆರು ಗುಂಡಿಗೆ ಅಮೋನಿಯಂ ಸಲ್ಫೇಟ್ ಉಪ್ಪು 2.4ರಿಂದ 3.4 ಮೋಲಾರ್, 0.2ರ ಹೆಜ್ಜೆಯಲ್ಲಿ, ಉದ್ದ ನಾಲ್ಕಕ್ಕೆ ಪಿಎಚ್ 7.0, 7.5, 8.0, 8.5. ಗುಂಡಿಗೆ 500 ಮೈಕ್ರೋಲೀಟರ್ ದ್ರಾವಣ, ಸ್ಲಿಪ್ ಮೇಲೆ 20 ಮಿ.ಗ್ರಾಂ/ಮಿ.ಲೀ. ಪ್ರೋಟೀನ್ 2 ಮೈಕ್ರೋಲೀಟರ್, ಅದಕ್ಕೆ ಗುಂಡಿಯ ದ್ರಾವಣವೂ ಅಷ್ಟೇ. ಸ್ಲಿಪ್ ಬೋರಲು ಹಾಕಿ ಗುಂಡಿ ಮುಚ್ಚಿದರೆ, ತೂಗುವ ಹನಿಯ ನೀರು ಮೆಲ್ಲಗೆ ಗುಂಡಿಗೆ ಹೋಗಿ ಹರಳು ಕಟ್ಟುತ್ತದೆ. ಇಡೀ ಪ್ಲೇಟಿಗೆ ಒಂದು ಮಿ.ಗ್ರಾಂ ಪ್ರೋಟೀನ್ ಸಾಕು, ಇದೇ ಇದರ ದೊಡ್ಡ ಗುಣ.

ಸ್ಲಿಪ್‌ಗಳ ಮೇಲಿನ, ನೀರು ಅಂಟದ ಸಿಲಿಕೋನ್ ಲೇಪ ಒಂದೇ ಸಮ ಇಲ್ಲ. ಮೊದಲು 4 ಮೈಕ್ರೋಲೀಟರ್ ನೀರು ಹಾಕಿ ನೋಡಿ: ಹನಿ ಗುಂಡಗೆ ನಿಂತರೆ ಸರಿ, ಹರಡಿದರೆ ಬಿಸಾಡಿ. ಹರಡಿದ ಹನಿ ಬೇಗ ಆರುತ್ತದೆ, ಹರಳಿನ ಬದಲು ಕೆಂಪು ಕೆಸರು ಉಳಿಯುತ್ತದೆ. ಸ್ಲಿಪ್ ಕೂರಿಸಿ ಸ್ವಲ್ಪ ತಿರುಗಿಸಿ. ಗ್ರೀಸಿನಲ್ಲಿ ಕೂದಲೆಳೆಯ ಸಂದು ಉಳಿದರೂ ಗುಂಡಿ ಒಣಗಿ ಬರೀ ಉಪ್ಪು ಸಿಗುತ್ತದೆ.

ಧಾರವಾಡದಲ್ಲಿ ಕಾಟ ಕೊಡುವುದು ಹಗಲು-ರಾತ್ರಿಯ ಅಂತರ, ಚಳಿಗಾಲದಲ್ಲಂತೂ ಜಾಸ್ತಿ. ಸ್ಲಿಪ್ ತಣ್ಣಗಾದಾಗ ಅದರಡಿ ಆವಿ ಬೆವರಾಗಿ ಕೂತು, ಹನಿಗೆ ಸೇರಿ, ಬೆಳೆಯುತ್ತಿದ್ದ ಹರಳು ಕರಗುತ್ತದೆ. ಎಸಿ ನೆಚ್ಚಬೇಡಿ, ಕರೆಂಟ್ ಹೋದರೆ ಮುಗೀತು. ನಾಲ್ಕು ನೀರಿನ ಬಾಟಲಿ ಇಟ್ಟ ದಪ್ಪ ಥರ್ಮಾಕೋಲ್ ಪೆಟ್ಟಿಗೆ ಅದಕ್ಕಿಂತ ವಾಸಿ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಪ್ಲೇಟ್ ತರುವುದಾದರೂ ಅದೇ ಪೆಟ್ಟಿಗೆಯಲ್ಲಿ, ಮಟ್ಟಸವಾಗಿ, ತೊಡೆಯ ಮೇಲೆ.

ಹರಳು ಬಣ್ಣ ಬಣ್ಣವಾಗಿ ಮಿನುಗುತ್ತದೆಯೇ ಎಂದು ಪೋಲರೈಸರ್ (ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಫಿಲ್ಟರ್) ಅಡಿಯಲ್ಲಿ ನೋಡುವುದುಂಟು. ಆದರೆ ಈ ಪ್ಲೇಟಿನ ಪ್ಲಾಸ್ಟಿಕ್ ಅಲ್ಲಿ ತಾನೇ ಬಣ್ಣ ಕಾರುತ್ತದೆ, ಹಾಗಾಗಿ ಆ ಪರೀಕ್ಷೆ ಇಲ್ಲಿ ನಂಬಬೇಡಿ. ಮಯೋಗ್ಲೋಬಿನ್‌ಗೆ ಅದು ಬೇಕಾಗಿಯೂ ಇಲ್ಲ: ಕಬ್ಬಿಣವಿರುವ ಹೀಮ್ ಎಂಬ ಭಾಗದಿಂದಾಗಿ ಅದರ ಹರಳು ಕಂದುಗೆಂಪು, ಉಪ್ಪಿನದು ಬಿಳಿ. ಅನುಮಾನವಿದ್ದರೆ ಸೂಜಿ ತಾಗಿಸಿ. ಪ್ರೋಟೀನ್ ಹರಳು ಮೆತ್ತಗೆ ಪುಡಿಯಾಗುತ್ತದೆ, ಉಪ್ಪು ಕಟಕ್ಕೆನ್ನುತ್ತದೆ.

ಹರಳನ್ನು ಇಂದೋರಿನ ಇಂಡಸ್-2ಕ್ಕೆ (ಪ್ರಖರ ಎಕ್ಸ್-ರೇ ಕೊಡುವ ಸಿಂಕ್ರೋಟ್ರಾನ್ ಯಂತ್ರ) ಒಯ್ಯುವವರು, ದ್ರವ ಸಾರಜನಕಕ್ಕೆ ಅದ್ದುವ ಮುನ್ನ, ಒಳಗೆ ಮಂಜುಗಡ್ಡೆ ಕಟ್ಟದಂತೆ, 20–25% ಗ್ಲಿಸರಾಲ್‌ನಲ್ಲಿ ಕೆಲವು ಸೆಕೆಂಡು ಮುಳುಗಿಸಬೇಕು. ಗುಂಡಿಯ ದ್ರಾವಣಕ್ಕೇ ಗ್ಲಿಸರಾಲ್ ಸುರಿದರೆ ಉಪ್ಪು ತೆಳುವಾಗಿ ಹರಳು ಬಿರಿಯುತ್ತದೆ. ಸಲ್ಫೇಟ್ ಅಷ್ಟೇ ಇರುವಂತೆ ಬೇರೆ ಕಲಸಿಕೊಳ್ಳಿ.