ಹೊಸ ಹಾಸ್ಟೆಲ್ ಸಾಫ್ಟ್‌ವೇರ್: ರೂಮಿಗೆ ಸೈ, ಮೆಸ್ ಲೆಕ್ಕಕ್ಕೆ ಸಾಲದು

ತುಮಕೂರಿನ ಒಂದು ವಿದ್ಯಾರ್ಥಿನಿಯರ ಹಾಸ್ಟೆಲ್‌ನಲ್ಲಿ ರೂಮು, ಮೆಸ್ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಹಳೇ ಫಾಕ್ಸ್‌ಪ್ರೋ ಪ್ರೋಗ್ರಾಂ ತೆಗೆದು, ಈ ವರ್ಷ ಖಾಸಗಿ ಕಂಪನಿಯೊಂದರ ಆನ್‌ಲೈನ್ ವ್ಯವಸ್ಥೆ ಹಾಕಿದ್ದಾರೆ.

ರೂಮು ಹಂಚುವುದು ನಿಜಕ್ಕೂ ಸಲೀಸಾಗಿದೆ. ಯಾವ ಮಂಚ ಖಾಲಿ ಅಂತ ಒಂದೇ ಸ್ಕ್ರೀನಲ್ಲಿ ಕಾಣುತ್ತದೆ. ಪಾವಗಡದಿಂದ ಬರುವ ಅಪ್ಪ-ಅಮ್ಮ ಚಲನ್ ಹಿಡಿದು ಬ್ಯಾಂಕಲ್ಲಿ ನಿಲ್ಲಬೇಕಿಲ್ಲ. ಯುಪಿಐನಲ್ಲಿ ಕಟ್ಟಿದರೆ ರಸೀದಿ ಮೊಬೈಲ್‌ಗೇ ಬರುತ್ತದೆ.

ಕಷ್ಟ ಆಗಿದ್ದು ಹಳೇ ದಾಖಲೆ ಹಾಕುವಾಗ. ಹೆಸರುಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿದ್ದವು, ಈಗ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಲ್ಲಿ ಬಳಸುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ನಲ್ಲಲ್ಲ. ಕಂಪನಿಯವರು ಹಾಗೇ ಸುರಿದುಬಿಟ್ಟರು. ಹುಡುಗಿಯರ ಹೆಸರಿದ್ದ ಕಡೆಯೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯೂನಿಕೋಡ್‌ಗೆ ಬದಲಿಸುವ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ, ಮೊದಲೇ ಬಳಸಬಹುದಿತ್ತಲ್ವಾ? ಬದಲಿಸಿದ ಮೇಲೂ ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಲೇಬೇಕು.

ನನಗೆ ಜಾಸ್ತಿ ಬೇಸರ ಮೆಸ್ ಬಿಲ್ಲಿನದು. ಹಬ್ಬಕ್ಕೆ ಊರಿಗೆ ಹೋದವರ ದಿನಗಳನ್ನು ಅದು ಕಳೆಯುವುದೇ ಇಲ್ಲ, ತಿಂಗಳ ಪೂರ್ತಿ ಹಾಕುತ್ತದೆ. ಉಣ್ಣದ ಮುದ್ದೆಗೆ ಕೂಲಿ ಮಾಡುವವರ ಮಕ್ಕಳಿಂದ ದುಡ್ಡು ಕೇಳುವುದು ತಪ್ಪು. ಹಾಗಾಗಿ ಆ ಲೆಕ್ಕ ಇನ್ನೂ ನನ್ನ ಪುಸ್ತಕದಲ್ಲೇ ಇದೆ.

ತಗೊಳ್ಳುವವರು ಸುಮ್ನೆ ಡೆಮೊ ನೋಡಿ ಒಪ್ಪಬೇಡಿ. ನಿಮ್ಮದೇ ಒಂದು ತಿಂಗಳ ಮೆಸ್ ಬಿಲ್ ಕೊಟ್ಟು, ಅವರ ಕೈಯಲ್ಲೇ ಮಾಡಿಸಿ.